ಮೂಗಿಗಿಂತ ಬಾಣಲೆ ಭಾರ

ಮೂಗಿಗಿಂತ ಬಾಣಲೆ ಭಾರ ಎಂದು ಹಿರಿಯರು ಹೇಳಲಿಲ್ಲ. ಅವರು ಹೇಳಿದ್ದು ಮೂಗುತಿಯ ವಿಷಯ. ಆದರೆ ಆ ಹಿರಿಯರಲ್ಲಿ ಯಾರೂ ಬ್ರಿಡ್ಲಿಂಗ್ಟನ್ನಿನ ಕಡಲ ದಂಡೆಯಲ್ಲಿ ಆರು ಕೋಣೆಯ ವಸತಿಗೃಹ ನಡೆಸಿದವರಲ್ಲ. ನಾರಿಸ್ ಗಾರ್ಬಟ್‌ನ ಕಬ್ಬಿಣದ ಬಾಣಲೆ ಎತ್ತಿ ನೋಡಿದವರೂ ಅಲ್ಲ. ಎತ್ತಿದ್ದರೆ ಗಾದೆಯನ್ನು ತಾವೇ ತಿದ್ದಿಕೊಳ್ಳುತ್ತಿದ್ದರು. ಇದು ನಡೆದ ಕಥೆ, ಅಪ್ಪಟ ನಿಜ. ಸುಳ್ಳು ಬೇಕಾದವರು ರೇಡಿಯೋ ಕೇಳಬಹುದು.

ನಾರಿಸ್‌ಗೆ ಎಪ್ಪತ್ತಾರು. ಹರೆಯದಲ್ಲಿ ಮೀನು ಹಡಗಿನ ಅಡುಗೆಯವನು. ಮದುವೆಯಾದ ಮೇಲೆ ದಡ ಸೇರಿ, ಹೆಂಡತಿಯೊಂದಿಗೆ ವಸತಿಗೃಹ ಹಿಡಿದು, ನಲವತ್ತೊಂದು ವರ್ಷ ಒಂದು ದಿನ ಬಿಡದೆ ಅತಿಥಿಗಳ ಬೆಳಗಿನ ತಿಂಡಿ ಹುರಿದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಈಗ ಮನೆಯ ಲಗಾಮು ಸೊಸೆ ಬೆವರ್ಲಿಯ ಕೈಯಲ್ಲಿ. ಕೋಣೆ ಕಾಯ್ದಿರಿಸುವುದು, ಹಾಸಿಗೆ ಬಟ್ಟೆ, ಕಸ, ಕಕ್ಕಸು, ಎಲ್ಲ ಅವಳದೇ. ಹೆಸರಿಗೆ ತಕ್ಕ ಹಾಗೆ ಬೆವರುವ ಹೆಂಗಸು. ಮಗ ಡೆರಿಕ್ ಊರಿನ ಬಾಯ್ಲರ್‌ಗಳನ್ನೆಲ್ಲ ರಿಪೇರಿ ಮಾಡುತ್ತಾನೆ, ಸ್ವಂತ ಮನೆಯದನ್ನು ಬಿಟ್ಟು. ಮೊಮ್ಮಗಳು ಟ್ಯಾಮ್ಸಿನ್ ಹಲ್ ಪಟ್ಟಣದಲ್ಲಿ ಕಾಲೇಜು ಓದುತ್ತಾಳೆ. ಓದುವುದಕ್ಕಿಂತ ಪ್ರೊಫೆಸರುಗಳ ದನಿ ಅನುಕರಿಸುವುದೇ ಹೆಚ್ಚೆಂದು ಅವಳ ತಾಯಿಯ ದೂರು.

ಜಗಳ ಶುರುವಾದದ್ದು ಫೆಬ್ರುವರಿಯ ಒಂದು ಮಂಗಳವಾರ. ಬೆವರ್ಲಿ ಪೇಟೆಯಿಂದ ಒಂದು ದೊಡ್ಡ ಚೀಲ ತಂದು ಫ್ರೀಜರಿಗೆ ತುರುಕಿದಳು.

"ಏನದು?" ಎಂದ ನಾರಿಸ್.

"ಹ್ಯಾಶ್ ಬ್ರೌನ್, ಮಾವ. ಆಲೂಗಡ್ಡೆ ತುರಿದು ಬಿಲ್ಲೆ ಮಾಡಿರ್ತಾರಲ್ಲ, ಅದು. ಬಂದೋರೆಲ್ಲ ಕೇಳ್ತಾರೆ."

"ಬಂದೋರು ಚಂದ್ರನ್ನೂ ಕೇಳ್ತಾರೆ. ಆಲೂಗಡ್ಡೆ ಮಧ್ಯಾಹ್ನದ್ದು. ಬೆಳಗಿನ ತಟ್ಟೆಗೆ ಬರೋಕೆ ಅದಕ್ಕೇನು ಹಕ್ಕು?"

"ಪಕ್ಕದ ಮನೆ ಶೀಲಾ ಕೊಡ್ತಾಳೆ."

"ಶೀಲಾ ಅಣಬೆ ಡಬ್ಬಿಯಿಂದ ತೆಗೆದು ಕೊಡ್ತಾಳೆ. ಅವಳ ಹೆಸರು ಈ ಅಡುಗೆಮನೇಲಿ ಎತ್ತಬೇಡ."

ನಾರಿಸ್‌ನ ತಟ್ಟೆಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಮದುವೆ ಪಂಕ್ತಿಯಷ್ಟೇ ಗಟ್ಟಿ. ಉಪ್ಪೂರಿಸಿದ ಹಂದಿಮಾಂಸದ ಎರಡು ಬೇಕನ್ ಸೀಳು, ಒಂದು ಸಾಸೇಜ್, ಒಂದು ಮೊಟ್ಟೆ. ರಕ್ತ ಓಟ್ಸ್ ಸೇರಿಸಿ ಕಟ್ಟಿದ ಕಪ್ಪು ಪುಡಿಂಗಿನ ಎರಡು ಬಿಲ್ಲೆ. ಅರ್ಧ ಟೊಮೆಟೊ, ಅಣಬೆ. ಎಲ್ಲಕ್ಕೂ ಕಡೆಗೆ, ಬೇಕನ್ ಬಿಟ್ಟ ಜಿಡ್ಡಿನಲ್ಲೇ ಕರಿದ ತ್ರಿಕೋನದ ಬ್ರೆಡ್ಡು. ಟೊಮೆಟೊ ಸಾರಿನಲ್ಲಿ ಬೇಯಿಸಿದ ಬೀನ್ಸ್ ಕಾಳಿಗೆ ಪ್ರವೇಶವುಂಟು, ಆದರೆ ಸಾಸೇಜಿನ ಅಣೆಕಟ್ಟಿನ ಆಚೆಗೆ. ಅದರ ಕೆಂಪು ಸಾರು ಮೊಟ್ಟೆಗೆ ಹರಿದರೆ ಆ ತಟ್ಟೆ ವಾಪಸ್.

ಹ್ಯಾಶ್ ಬ್ರೌನನ್ನು ಅವನು ತಡೆದದ್ದು ಸಂಪ್ರದಾಯಕ್ಕಾಗಿ ಎಂದು ಇಡೀ ಮನೆ ನಂಬಿತ್ತು. ನಿಜ ಕಾರಣ ಅವನೊಬ್ಬನಿಗೇ ಗೊತ್ತು. ಕ್ರಿಸ್ಮಸ್ ಹೊತ್ತಿಗೆ ಹಿಡಿದ ನೆಗಡಿ ಜನವರಿಯಲ್ಲಿ ಬಿಟ್ಟು ಹೋಯಿತು. ಹೋಗುವಾಗ ವಾಸನೆ ಹಿಡಿಯುವ ಮೂಗಿನ ಶಕ್ತಿಯನ್ನೂ ಜೊತೆಗೆ ಕೊಂಡೊಯ್ದಿತ್ತು. ಬೇಕನ್ ಹದವಾದದ್ದೂ ತಿಳಿಯದು, ಬ್ರೆಡ್ಡು ಹೊತ್ತಿದ್ದೂ ತಿಳಿಯದು. ಅವನ ಮುಂದೆ ಮೀನು ಕೊಳೆತರೂ ಒಂದೇ, ಗುಲಾಬಿ ಅರಳಿದರೂ ಒಂದೇ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಾಣಲೆ ಹೋಗುತ್ತದೆ. ಬಾಣಲೆ ಹೋದರೆ ಬೆಳಿಗ್ಗೆ ಆರಕ್ಕೆ ಏಳಲು ಕಾರಣವೇ ಇರುವುದಿಲ್ಲ.

ಅವನು ಬೇರೆ ದಾರಿ ಹುಡುಕಿಕೊಂಡ. ಆ ಮನೆಯಲ್ಲಿ ಹಳೆಯ ಪದ್ಧತಿ: ಎಲ್ಲರಿಗೂ ಒಂದೇ ಪಂಕ್ತಿ, ಎಂಟೂಕಾಲಿಗೆ ಜಾಗಟೆ. ಎಂಟಕ್ಕೆ ರೇಡಿಯೋದಲ್ಲಿ ವಾರ್ತೆ. ಸಾಸೇಜನ್ನು ಮೊದಲೇ ಹಾಕಿ ಅರ್ಧ ಬೇಯಿಸಿಟ್ಟಿರುತ್ತಿದ್ದ. ಗಂಟೆಯ ಪಿಪ್ ಪಿಪ್ ಶಬ್ದಕ್ಕೆ ಬೇಕನ್. ಮಂತ್ರಿಗಳು ಒಬ್ಬರನ್ನೊಬ್ಬರು ಬೈಯುವಾಗ ಅದನ್ನು ಮಗುಚುವುದು. ಪರದೇಶದ ಯುದ್ಧಕ್ಕೆ ಪುಡಿಂಗು. ಆಟೋಟದ ಸುದ್ದಿಗೆ ಬ್ರೆಡ್ಡು ಜಿಡ್ಡಿಗಿಳಿಯುತ್ತಿತ್ತು. "ಈಗ ಹವಾಮಾನ" ಎಂಬ ಮಾತು ಬಿದ್ದ ಕ್ಷಣ ಮೇಲೇಳುತ್ತಿತ್ತು, ಬಂಗಾರದ ಬಣ್ಣಕ್ಕೆ. ಮೂಗು ಮಾಡುತ್ತಿದ್ದುದನ್ನೆಲ್ಲ ಕಿವಿ ಮಾಡಿತು. ಹ್ಯಾಶ್ ಬ್ರೌನಿನ ಚೀಲದ ಮೇಲೆ ಹನ್ನೆರಡು ನಿಮಿಷ ಎಂದು ಬರೆದಿತ್ತು. ಅಷ್ಟು ಉದ್ದದ ಜಾಗ ಆ ವಾರ್ತೆಯಲ್ಲಿ ಎಲ್ಲಿಯೂ ಇರಲಿಲ್ಲ.

ಮಾರ್ಚ್ ಮೊದಲ ವಾರ ಬೆವರ್ಲಿ ಕಪಾಟು ಒರೆಸುತ್ತ ರೇಡಿಯೋದ ಸ್ಟೇಷನ್ ತಿರುಗಿಸಿ ಹಾಡು ಹಾಕಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಎಂಟಕ್ಕೆ ರೇಡಿಯೋ ಹಾಕಿದರೆ ಪಿಪ್ ಇಲ್ಲ, ಮಂತ್ರಿಗಳಿಲ್ಲ. ಯಾವನೋ ಗಿಟಾರ್ ಬಾರಿಸುತ್ತಿದ್ದಾನೆ. ಎರಡೂ ಕೈ ಜಿಡ್ಡಾಗಿದ್ದ ನಾರಿಸ್ ಅಂದಾಜಿನ ಮೇಲೆ ಹುರಿದ. ಎರಡನೇ ನಂಬರ್ ಕೋಣೆಯ ದಂಪತಿಗಳಿಗೆ ಹೋದ ಬ್ರೆಡ್ಡು ಅಡಿಭಾಗದಲ್ಲಿ ಇದ್ದಿಲಾಗಿತ್ತು.

"ಮಾವ, ಇದೇನಿದು?" ಬೆವರ್ಲಿ ತಟ್ಟೆ ಹಿಡಿದು ಒಳಗೆ ಬಂದಳು.

"ಬ್ರೆಡ್ಡು."

"ಬ್ರೆಡ್ಡಾ? ಚಾವಣಿ ಹೆಂಚು ಅಂದ್ಕೊಂಡೆ."

"ನೀನು ತಂದಿರೋ ಬ್ರೆಡ್ಡೇ ಹಂಗೆ. ಬೇಗ ಹೊತ್ಕೊಳತ್ತೆ."

"ಇಪ್ಪತ್ತು ವರ್ಷದಿಂದ ಅದೇ ಬೇಕರಿ ಬ್ರೆಡ್ಡು!"

"ಹಂಗಾದ್ರೆ ಇಪ್ಪತ್ತು ವರ್ಷದಿಂದ ಸಹಿಸ್ಕೊಂಡಿದೀನಿ."

ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಕುರಿಮಾಂಸ, ಪುದೀನ ಸಾಸ್. ನಾರಿಸ್ ಬಾಯಿಗಿಟ್ಟು, "ಆಹಾ, ಪುದೀನದ ಘಮ!" ಎಂದ. ಬೆವರ್ಲಿ ಗಂಡನ ಮುಖ ನೋಡಿದಳು. ಪುದೀನ ಮುಗಿದಿತ್ತು, ಅವಳು ಅಂದು ಹಾಕಿದ್ದು ಬರೀ ಪಾರ್ಸ್ಲಿ ಸೊಪ್ಪು ಮತ್ತು ವಿನೆಗರ್.

ಪಾತ್ರೆ ತೊಳೆಯುವಾಗ ಗಂಡ ಹೆಂಡಿರ ಪಿಸುಮಾತು ನಡೆಯಿತು. ಆ ಮನೆಯ ಪಿಸುಮಾತು ಮೂರು ಮನೆಗೆ ಕೇಳುತ್ತದೆ.

"ನಿಮ್ಮಪ್ಪಂಗೆ ಅರಳು ಮರಳು ಶುರುವಾಯ್ತು ಕಣ್ರೀ. ತಿಂದಿದ್ದೇನು ಅಂತ್ಲೇ ಗೊತ್ತಿಲ್ಲ. ಗ್ಯಾಸ್ ಮುಂದೆ ಹೆಂಗೆ ಬಿಡೋದು? ಮೇಲೆ ಆರು ಕೋಣೆ ಜನ ಮಲಗಿರ್ತಾರೆ."

"ಒಂದು ಚೂರು ಬ್ರೆಡ್ಡು ಸುಟ್ಟಿದ್ದಕ್ಕೆ..."

"ಇವತ್ತು ಬ್ರೆಡ್ಡು, ನಾಳೆ ಪರದೆ. ನೀವೇ ಹೇಳ್ತೀರೋ ನಾನೇ ಹೇಳ್ಲೋ?"

"ನೀನೇ ಹೇಳು," ಎಂದ ಡೆರಿಕ್. ದೊಡ್ಡ ಬಾಯ್ಲರ್‌ಗಳಿಗೆ ಹೆದರದ ಅವನು ಅಪ್ಪನಿಗೆ ಹೆದರುತ್ತಿದ್ದ.

ಹೇಳಬೇಕಾಗಲಿಲ್ಲ. ನಾರಿಸ್ ಬಾಗಿಲಲ್ಲೇ ನಿಂತಿದ್ದ. ಮೂಗು ಹೋಗಿದ್ದರೂ ಕಿವಿ ಎರಡಾಳಿನಷ್ಟು ಕೆಲಸ ಮಾಡುತ್ತಿತ್ತಲ್ಲ.

"ನನ್ನ ತಲೆ ನೆಟ್ಟಗಿದೆ. ಬೇಕಿದ್ರೆ ಪರೀಕ್ಷೆ ಮಾಡು," ಎಂದ.

ಬೆವರ್ಲಿ ಕೈ ಒರೆಸಿಕೊಂಡಳು. "ಸರಿ. ಈಸ್ಟರ್‌ಗೆ ಆರೂ ಕೋಣೆ ಭರ್ತಿ. ಗುಡ್ ಫ್ರೈಡೇಯಿಂದ ಸೋಮವಾರದವರೆಗೆ ನಾಲ್ಕು ದಿನ. ಒಂದೇ ಒಂದು ತುಂಡು ಸುಟ್ಟರೂ ಬಾಣಲೆ ನಂದು. ಹ್ಯಾಶ್ ಬ್ರೌನ್ ಒಳಗೆ, ನೀವು ಹೊರಗೆ."

"ಸುಡದಿದ್ರೆ?"

"ಸುಡದಿದ್ರೆ ನಾನು ಬಾಯಿ ಮುಚ್ಕೊಂಡು ಬೆಡ್‌ಶೀಟ್ ಒಗೀತೀನಿ."

"ಬೆಡ್‌ಶೀಟಿಗಿಂತ ಬಾಯಿ ಮುಚ್ಕೊಳೋದೇ ಕಷ್ಟ ನಿಂಗೆ," ಎಂದು ನಾರಿಸ್ ಮಹಡಿ ಹತ್ತಿದ. ಆ ವಾರ ತನ್ನ ಪಿಂಚಣಿಯಿಂದ ರೇಡಿಯೋಗೆ ಹೊಸ ಬ್ಯಾಟರಿ ತಂದು, ಸ್ಟೇಷನ್ ತಿರುಗಿಸುವ ಗುಂಡಿಯ ಮೇಲೆ ಅಂಟುಪಟ್ಟಿ ಸುತ್ತಿದ.

ಶುಕ್ರವಾರ ಹನ್ನೊಂದು ತಟ್ಟೆ. ಒಂದೂ ಸುಡಲಿಲ್ಲ. ಶನಿವಾರ ಹನ್ನೆರಡು. ಲೀಡ್ಸ್‌ನಿಂದ ಬಂದ ಬಸ್ ಡ್ರೈವರೊಬ್ಬ ಒಳಗೆ ಬಂದು ಕೈ ಕುಲುಕಿ, ಇಂಥ ಬ್ರೆಡ್ಡು ತಾನು ಅಜ್ಜಿ ಸತ್ತ ಮೇಲೆ ತಿಂದಿಲ್ಲವೆಂದ. ಬೆವರ್ಲಿ ಪ್ರತಿ ತಟ್ಟೆಯನ್ನೂ ಮೊಟ್ಟೆಯ ಕೆಳಗೆ, ಬ್ರೆಡ್ಡಿನ ಕೆಳಗೆ ಚಾಕು ತೂರಿಸಿ ಪರೀಕ್ಷಿಸಿ ಹೊರಗೆ ಒಯ್ದಳು. ಭಾನುವಾರ ಈಸ್ಟರ್, ಮಾರ್ಚಿನ ಕೊನೆಯ ಭಾನುವಾರವೂ ಹೌದು. ಅಂದು ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ರೇಡಿಯೋ ತಾನಾಗಿ ಹೋಯಿತು, ಅದರ ಹಿಂದೆ ಹನ್ನೆರಡು ತಟ್ಟೆಯೂ ಸುಡದೆ ಹೋದವು. ಒಲೆಯ ಮೇಲಿನ ಗೋಡೆ ಗಡಿಯಾರ ಹೋಗಲಿಲ್ಲ. ಅದನ್ನು ತಿರುಗಿಸಲು ಪ್ರತಿವರ್ಷ ಸ್ಟೂಲ್ ಹತ್ತುತ್ತಿದ್ದವನು ನಾರಿಸ್. ಈ ವರ್ಷ ಸ್ಟೂಲ್ ಹತ್ತಬಾರದೆಂದು ಸೊಸೆಯ ಕಟ್ಟಪ್ಪಣೆ.

"ಹಂಗೇ ಇರ್ಲಿ ಬಿಡು," ಎಂದ ಡೆರಿಕ್. "ಅಕ್ಟೋಬರ್‌ನಲ್ಲಿ ತಾನೇ ಸರಿಹೋಗತ್ತೆ."

ಭಾನುವಾರ ಕಡೆಯ ಬಸ್ಸಿಗೆ ಟ್ಯಾಮ್ಸಿನ್ ಬಂದಿಳಿದಳು. ಫೋನಿನ ಚಾರ್ಜರ್ ಹಲ್‌ನಲ್ಲೇ ಮರೆತಿದ್ದಳು. ಮಾರನೇ ದಿನ ಏಪ್ರಿಲ್ ಒಂದು ಎಂಬುದನ್ನು ಮಾತ್ರ ಮರೆತಿರಲಿಲ್ಲ.

"ನಾಳೆ ಏನಾದ್ರೂ ತಂಟೆ ಮಾಡಿದ್ರೆ ನೋಡು," ಎಂದಳು ಬೆವರ್ಲಿ. "ಮಾಡೋದಾದ್ರೆ ಮಧ್ಯಾಹ್ನ ಹನ್ನೆರಡರೊಳಗೆ. ಆಮೇಲೆ ಮಾಡಿದೋರೇ ಮೂರ್ಖರು."

"ಗೊತ್ತಮ್ಮ! ಒಂಬತ್ತು ವರ್ಷದೋಳಿದ್ದಾಗ ಸಕ್ಕರೆ ಡಬ್ಬಿಗೆ ಉಪ್ಪು ಹಾಕಿದ್ದೆ, ಹನ್ನೆರಡೂವರೆ ಆಗಿತ್ತು ಅಂತ ಆ ಟೀನೆಲ್ಲ ನಂಗೇ ಕುಡಿಸಿದ್ಯಲ್ಲ. ಇನ್ನೂ ನಾಲಿಗೆ ಮೇಲಿದೆ."

"ಕಾನೂನು ಅಂದ್ರೆ ಕಾನೂನು."

ಸೋಮವಾರ ಬೆಳಿಗ್ಗೆ ಹನ್ನೆರಡು ತಟ್ಟೆಗಳೂ ಬಂಗಾರದಂತೆ ಹೋದವು, ಬರಿದಾಗಿ ಬಂದವು. ಹತ್ತೂವರೆಗೆ ಅತಿಥಿಗಳು ಪೆಟ್ಟಿಗೆ ಎಳೆದುಕೊಂಡು ಹೊರಟರು. ಬೆವರ್ಲಿ ಮಹಡಿಯಲ್ಲಿ ಹಾಸಿಗೆ ಬಟ್ಟೆ ಎಳೆಯುತ್ತಿದ್ದಳು, ಡೆರಿಕ್ ಹಿತ್ತಲಲ್ಲಿ ಮೋರಿ ಬಿಡಿಸುತ್ತಿದ್ದ. ಈಸ್ಟರ್ ಮುಗಿದಂತೆಯೇ. ನಾರಿಸ್ ಕೈಗಡಿಯಾರ ಬಿಚ್ಚಿ ಕಿಟಕಿಯಲ್ಲಿಟ್ಟು, ಮನೆಯವರಿಗೆಂದು ನಾಲ್ಕು ತಟ್ಟೆ ಬಿಸಿಗಿಟ್ಟ. ಸಾಸೇಜ್ ಅರ್ಧ ಬೆಂದಿತ್ತು. ಮುಂದಿನ ಪಿಪ್‌ಗಾಗಿ ಕಾಯುತ್ತಿದ್ದ. ಯಾವ ಗಂಟೆಯದಾದರೇನು, ವಾರ್ತೆ ಇದ್ದರೆ ಸಾಕು.

ಟ್ಯಾಮ್ಸಿನ್ ಆಗಷ್ಟೇ ಎದ್ದು ಕಣ್ಣುಜ್ಜುತ್ತ ಬಂದಳು. ತಲೆಯೆತ್ತಿ ನೋಡಿದರೆ ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ. ಇನ್ನೂ ಒಂದು ಗಂಟೆ ಇದೆಯಲ್ಲ ಎಂದು ಅವಳ ಮುಖ ಅರಳಿತು. ರೇಡಿಯೋ ಇದ್ದದ್ದು ಅಡುಗೆಮನೆಗೂ ಉಗ್ರಾಣಕ್ಕೂ ನಡುವಿನ ಗೋಡೆಯ ಪುಟ್ಟ ಕಿಂಡಿಯಲ್ಲಿ. ಅವಳು ಬೆಣ್ಣೆ ತರುವ ನೆಪದಲ್ಲಿ ಉಗ್ರಾಣಕ್ಕೆ ಹೋಗಿ, ಹಿಂದಿನಿಂದ ಕೈ ಹಾಕಿ ಅದರ ಬಾಯಿ ಮುಚ್ಚಿಸಿ, ತನ್ನ ಬಾಯಿ ಕಿಂಡಿಗೆ ಕೊಟ್ಟಳು.

"ಪಿಪ್. ಪಿಪ್. ಪಿಪ್. ಪೀಪ್. ಗಂಟೆ ಹನ್ನೊಂದು. ವಾರ್ತೆಗಳು."

ಥೇಟ್ ಅದೇ ದನಿ. ನುಣ್ಣಗೆ ಬೋಳಿಸಿದ ಗಲ್ಲದಂಥ, ಊಟ ಮಾಡಿ ಕೋಟು ತೊಟ್ಟ ದನಿ. ಇನ್ನೂ ಹನ್ನೊಂದೇ ಎಂದು ನಾರಿಸ್ ಒಮ್ಮೆ ತಲೆಯೆತ್ತಿದ. ತಿರುಗಿಸಿಲ್ಲವೆಂಬುದನ್ನು ಅವನು ಮರೆತೇಬಿಟ್ಟಿದ್ದ ಗಡಿಯಾರವೂ ಹನ್ನೊಂದು ಎನ್ನುತ್ತಿತ್ತು. ಎರಡು ಸಾಕ್ಷಿ ಸಿಕ್ಕ ಮೇಲೆ ಅನುಮಾನವೇಕೆ? ಬೇಕನ್ ಬಾಣಲೆಗೆ ಬಿತ್ತು.

ಮಂತ್ರಿಗಳು ಬೈದಾಡಿದರು. ಮಗುಚಿದ. ಎಲ್ಲೋ ಯುದ್ಧವಾಯಿತು. ಪುಡಿಂಗು ಹಾಕಿದ. "ಆಟೋಟ: ಹಲ್ ತಂಡ ಎಂದಿನಂತೆ ಸೋತಿದೆ." ಬ್ರೆಡ್ಡಿನ ನಾಲ್ಕು ತ್ರಿಕೋನ ಜಿಡ್ಡಿಗಿಳಿದವು.

"ಈಗ..." ಎಂದಿತು ದನಿ. ನಾರಿಸ್ ಚಮಚ ಎತ್ತಿ ನಿಂತ. "ಈಗ ತಾನೇ ಬಂದ ಸುದ್ದಿ. ಬೆಳಗಿನ ತಿಂಡಿಯ ಹೊಸ ಕಾಯಿದೆ ಇಂದಿನಿಂದ ಜಾರಿಗೆ ಬಂದಿದೆ. ಪ್ರತಿ ತಟ್ಟೆಯಲ್ಲಿ ಎರಡು ಹ್ಯಾಶ್ ಬ್ರೌನ್ ಕಡ್ಡಾಯ."

"ಏನೂ?" ನಾರಿಸ್ ಒಲೆಗೆ ಬೆನ್ನು ತಿರುಗಿಸಿದ.

"ಉಲ್ಲಂಘಿಸಿದವರ ಬಾಣಲೆ ಜಪ್ತಿ. ತಪಾಸಣೆ ಬ್ರಿಡ್ಲಿಂಗ್ಟನ್ನಿನಿಂದ ಆರಂಭ."

"ನನ್ನ ಹೆಣ ಬಿದ್ದ ಮೇಲೆ! ಕೇಳಿಸ್ತೇನೋ? ನನ್ನ ಹೆಣ ಬಿದ್ದ ಮೇಲೆ ಬಾ!" ಚಮಚ ಕಿಂಡಿಯ ಕಡೆ ಚಾಚಿತ್ತು. "ನಾನು ಹಡಗಲ್ಲಿ ಹುರೀತಿದ್ದಾಗ ನಿಮ್ಮ ಮಂತ್ರಿ ತೊಟ್ಟಿಲಲ್ಲಿದ್ದ!"

"ವಿರೋಧಿಸುವ ವೃದ್ಧರಿಗೆ," ದನಿ ಕೊಂಚ ನಡುಗಿತು, ನಗು ತಡೆದದ್ದಕ್ಕೆ, "ಮೂರು ತಿಂಗಳು ಬರೀ ಗಂಜಿ."

"ಗಂಜಿಯಂತೆ! ನಿಮ್ಮಪ್ಪಂಗೆ ಕುಡಿಸೋ ಗಂಜಿ!"

ಹವಾಮಾನ ಬರಲೇ ಇಲ್ಲ. ಬಂದದ್ದು ಹೊಗೆ ಕಂಡರೆ ಬಡಿದುಕೊಳ್ಳುವ ನಡುಮನೆಯ ಹೊಗೆ ಗಂಟೆಯ ಕಿರುಚಾಟ. ಅದರ ಹಿಂದೆಯೇ ಮೆಟ್ಟಿಲಿಳಿದು ಬೆವರ್ಲಿ, ಕಂಕುಳಲ್ಲಿ ಬೆಡ್‌ಶೀಟ್. ಅವಳು ಮೂಗು ಮುಚ್ಚಿಕೊಂಡೇ ಗ್ಯಾಸ್ ಆರಿಸಿದಳು. ಬಾಣಲೆಯಲ್ಲಿ ನಾಲ್ಕು ಇದ್ದಿಲು.

"ಮಾವ! ಮೂರನೇ ಕೋಣೆಗೆ ಬರ್ತಿದೆ ವಾಸನೆ. ಎದುರಿಗೇ ನಿಂತಿದೀರಿ, ಗೊತ್ತಾಗ್ಲಿಲ್ವಾ?"

ನಾರಿಸ್ ಬಾಣಲೆ ನೋಡಿದ, ಅವಳ ಮುಖ ನೋಡಿದ. ಸುಳ್ಳು ಹೇಳಲು ಬಾಯಿ ತೆರೆದ. ಸಿದ್ಧವಾದ ಸುಳ್ಳು ಯಾವುದೂ ಸಿಗಲಿಲ್ಲ.

"ಕ್ರಿಸ್ಮಸ್‌ನಿಂದ ಗೊತ್ತಾಗ್ತಿಲ್ಲ," ಎಂದ. "ಮೂಗಿಲ್ಲ. ಇದೆ, ಕನ್ನಡಕ ನಿಲ್ಸೋಕೆ ಮಾತ್ರ. ರೇಡಿಯೋ ಕೇಳ್ಕೊಂಡು ಹುರೀತಿದ್ದೆ. ಹವಾಮಾನ ಅಂದಾಗ ಬ್ರೆಡ್ಡು ತೆಗೀತಿದ್ದೆ. ಇವತ್ತು ಹವಾಮಾನ ಹೇಳ್ಲಿಲ್ಲ."

"ಹಂಗಾದ್ರೆ ಪಾರ್ಸ್ಲಿ..."

"ಯಾವ ಪಾರ್ಸ್ಲಿ?"

ಬೆವರ್ಲಿ ಬೆಡ್‌ಶೀಟನ್ನು ಕುರ್ಚಿಯ ಮೇಲೆ ಹಾಕಿದಳು. ಹಿತ್ತಲಿಂದ ಡೆರಿಕ್ ಒದ್ದೆ ಬೂಟಲ್ಲೇ ಓಡಿಬಂದು, ಪೊರಕೆ ಹಿಡಿಯಿಂದ ಹೊಗೆ ಗಂಟೆಯನ್ನು ತಿವಿದು ಸುಮ್ಮನಾಗಿಸಿದ. ನಾರಿಸ್ ಒಲೆಯ ಪಕ್ಕದ ಬಟ್ಟೆ ತೆಗೆದು, ಬಾಣಲೆಯ ಬಿಸಿ ಹಿಡಿಗೆ ಸುತ್ತಿ, ಸೊಸೆಯ ಕಡೆ ಚಾಚಿದ.

"ತಗೋ. ಸೋಮವಾರಾನೂ ಈಸ್ಟರೇ. ಮಾತು ಅಂದ್ರೆ ಮಾತು. ಎರಡೂ ಕೈಲಿ ಹಿಡ್ಕೋ, ಭಾರ ಇದೆ."

ಬೆವರ್ಲಿ ಎರಡೂ ಕೈಯಲ್ಲಿ ಹಿಡಿದಳು. ಭಾರವಿತ್ತು.

ಉಗ್ರಾಣದ ಬಾಗಿಲು ಕಿರುಗುಟ್ಟಿತು. ಟ್ಯಾಮ್ಸಿನ್ ಬೆಣ್ಣೆಯ ಪಾತ್ರೆ ಎದೆಗವಚಿಕೊಂಡು ಹೊರಬಂದಳು. ಮುಖ ಬೆಣ್ಣೆಗಿಂತ ಬಿಳಿ.

"ತಾತ, ರೇಡಿಯೋ ನಾನು. ವಾರ್ತೆ ಎಲ್ಲ ನಾನೇ. ಏಪ್ರಿಲ್ ಫೂಲ್ ಮಾಡೋಣ ಅಂತ... ನಂಗೇನ್ ಗೊತ್ತಿತ್ತು ನೀನು ಅದನ್ನ ಕೇಳ್ಕೊಂಡು..." ಅವಳಿಗೆ ಅಳು ಬಂತು.

"ನೀನಾ?" ಎಂದ ನಾರಿಸ್. "ಆ ಗಂಜಿ ಕಾಯಿದೆ?"

"ನಾನೇ."

"ಏಪ್ರಿಲ್ ಫೂಲಾ?" ಎಂದು ಡೆರಿಕ್ ಒದ್ದೆ ತೋಳು ಮಡಿಸಿ ಕೈಗಡಿಯಾರ ನೋಡಿದ. "ಈಗ್ಯಾವ ಏಪ್ರಿಲ್ ಫೂಲೇ? ಹನ್ನೆರಡೂ ಹತ್ತು."

"ಹನ್ನೊಂದೂ ಹತ್ತು," ಎಂದು ಟ್ಯಾಮ್ಸಿನ್ ಗೋಡೆ ತೋರಿಸಿದಳು.

ನಾಲ್ವರೂ ಗೋಡೆ ನೋಡಿದರು. ಗಡಿಯಾರ ಅಕ್ಟೋಬರಿಗಾಗಿ ನಿಶ್ಚಿಂತೆಯಿಂದ ಕಾಯುತ್ತಿತ್ತು.

ನಾರಿಸ್ ಮೆಲ್ಲಗೆ ಕಿಟಕಿಗೆ ಹೋಗಿ ತನ್ನ ಕೈಗಡಿಯಾರ ತಂದು ಸೊಸೆಯ ಮುಖದ ಮುಂದೆ ಹಿಡಿದ. "ಬೆವರ್ಲಿ, ಹನ್ನೆರಡು ಕಳೆದ ಮೇಲೆ ಮಾಡಿದ್ರೆ ಯಾರಮ್ಮ ಮೂರ್ಖರು?"

ಬೆವರ್ಲಿ ಬಾಣಲೆಯೊಳಗಿನ ಇದ್ದಿಲನ್ನು ನೋಡಿದಳು.

"ಉಪ್ಪಿನ ಟೀ ಯಾರು ಕುಡಿಬೇಕು?"

"ಮಾಡಿದೋರು," ಎಂದಳು ಬೆವರ್ಲಿ, ಹಲ್ಲು ಕಚ್ಚಿ.

"ಹಂಗಾದ್ರೆ ಈ ಬ್ರೆಡ್ಡು ಸುಟ್ಟಿದ್ದು ಯಾರ ತಲೆಗೆ?"

ಡೆರಿಕ್ ಕೆಮ್ಮಿದ. ಬೆವರ್ಲಿ ಬಾಣಲೆ ಹಿಡಿದು ನಿಂತೇ ಇದ್ದಳು. ಅವಳದೇ ಕಾನೂನು, ಹನ್ನೊಂದು ವರ್ಷದ ಹಿಂದೆ ಒಂದು ಕೂಸಿಗೆ ಉಪ್ಪು ಟೀ ಕುಡಿಸಿ ಜಾರಿ ಮಾಡಿದ ಕಾನೂನು. ಕಡೆಗೆ ಅವಳು ಇದ್ದಿಲನ್ನು ಒಂದು ತಟ್ಟೆಗೆ ಸುರಿದು, ಕರಕು ಜಿಡ್ಡು ಬಸಿದು, ಬಾಣಲೆಯನ್ನು ಕಾಗದದಿಂದ ಒರೆಸಿ, ಮಾವನ ಎದುರು ಒಲೆಯ ಮೇಲೆ ಠಣ್ ಎಂದು ಇಟ್ಟಳು.

"ಇನ್ಮೇಲೆ ಎಂಟು ಗಂಟೆಗೆ ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದಳು. "ಕೈ ನಿಮ್ಮದು, ಮೂಗು ನಂದು. ಒಪ್ಪಿಗೆ ಇದ್ರೆ ಹುರೀರಿ. ಇಲ್ದಿದ್ರೆ ಶೀಲಾ ಮನೆಗೆ ಹೋಗಿ."

"ಮೂಗು ತೂರಿಸೋದು ನಿಂಗೆ ಹೊಸದಲ್ಲ."

"ಹ್ಯಾಶ್ ಬ್ರೌನು ಓವನ್‌ಗೆ ಹಾಕಿ ನಾನೇ ತೆಗೀತೀನಿ. ಅದಕ್ಕೆ ನಿಮ್ಮ ಮಂತ್ರಿಗಳು ಬೇಡ."

"ಬೇರೆ ತಟ್ಟೇಲಿ," ಎಂದ ನಾರಿಸ್.

"ಬೇರೆ ತಟ್ಟೇಲಿ."

"ಮೇಜಿನ ಆ ತುದೀಲಿ."

"ಮಾವ!"

"ಆಯ್ತು, ನಡುವೆ ಇಡು."

ಅವನು ಹೊಸದಾಗಿ ಬ್ರೆಡ್ಡು ಇಳಿಸಿದ. ಬೆವರ್ಲಿ ಒಲೆಯ ಮೇಲೆ ಬಗ್ಗಿ ಮೂಸಿದಳು. "ಇನ್ನೂ... ಇನ್ನೂ... ಈಗ," ಎಂದಳು. ಬ್ರೆಡ್ಡು ಮೇಲೆ ಬಂತು, ಬಂಗಾರದ ಬಣ್ಣ. ನಾಲ್ಕು ತಟ್ಟೆ ಮೇಜಿಗೆ ಬಂದವು. ಮೂರರಲ್ಲಿ ಬಂಗಾರ, ಟ್ಯಾಮ್ಸಿನ್‌ಳದರಲ್ಲಿ ನಾಲ್ಕು ಇದ್ದಿಲು ಗೋಪುರದಂತೆ.

"ಎಲ್ಲಾನೂ ತಿನ್ಬೇಕಾ?"

"ಕಾನೂನು ಅಂದ್ರೆ ಕಾನೂನು," ಎಂದರು ಮಾವ ಸೊಸೆ ಒಟ್ಟಿಗೆ. ಆ ವರ್ಷ ಅವರು ಒಂದೇ ಮಾತು ಆಡಿದ್ದು ಅದೇ ಮೊದಲು.

ಟ್ಯಾಮ್ಸಿನ್ ಕರುಂ ಎಂದು ಒಂದು ತುದಿ ಕಚ್ಚಿದಳು. ಕಣ್ಣಲ್ಲಿ ನೀರು, ತುಟಿಯೆಲ್ಲ ಕಪ್ಪು. ನುಂಗಲೂ ಆಗದೆ ಉಗುಳಲೂ ಆಗದೆ, ಬೆನ್ನು ನೆಟ್ಟಗೆ ಮಾಡಿ, ಆ ನುಣ್ಣನೆಯ ದನಿಯಲ್ಲಿ ಹೇಳಿದಳು:

"ಈಗ ಹವಾಮಾನ. ಬ್ರಿಡ್ಲಿಂಗ್ಟನ್ನಿನ ಅಡುಗೆಮನೆಯಲ್ಲಿ ದಟ್ಟ ಹೊಗೆ. ಮೊಮ್ಮಗಳ ಬಾಯಲ್ಲಿ ಬೂದಿ ಮಳೆ."

ಡೆರಿಕ್ ನಕ್ಕ. ಬೆವರ್ಲಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾರಿಸ್ ಮಾತ್ರ ಮೇಜು ಗುದ್ದಿ, ಕನ್ನಡಕ ಬೀನ್ಸಿಗೆ ಬೀಳುವಂತೆ, ಬೀನ್ಸಿನ ಸಾರು ಸಾಸೇಜಿನ ಅಣೆಕಟ್ಟು ದಾಟಿ ತನ್ನ ಮೊಟ್ಟೆಗೆ ಹರಿದದ್ದೂ ಕಾಣದಂತೆ ನಕ್ಕ. ಅವನ ನಗುವಿನ ಅಬ್ಬರಕ್ಕೆ, ಹೊಗೆ ಗಂಟೆ ಮತ್ತೆ ಶುರುವಾಯಿತೇನೋ ಎಂದು ಪಕ್ಕದ ಮನೆಯ ಶೀಲಾ ಕಿಟಕಿ ತೆರೆದಳು.